ಕುಡಿತಕ್ಕೆ 'ಸುರಕ್ಷಿತ ಮಿತಿ' ಎಂಬುದು ಇದೆಯೇ?

ಮುಸ್ಲಿಮ್ ಕುಟುಂಬಗಳು ಓದುವ ಪತ್ರಿಕೆಯಲ್ಲಿ ಈ ವಿಷಯ ಯಾಕೆ ಎಂದು ನಿಮಗೆ ಅನಿಸಬಹುದು. ಮದ್ಯ ಹರಾಮ್ ಎಂಬುದು ನಮ್ಮ ಮನೆಯ ಸಣ್ಣ ಮಗುವಿಗೂ ಗೊತ್ತು. ಹಾಗಿರುವಾಗ ಎಷ್ಟು ಕುಡಿದರೆ ಏನಾಗುತ್ತದೆ ಎಂಬ ಲೆಕ್ಕ ನಮಗೇಕೆ?

ಕಾರಣವಿದೆ. ಕೆಲವು ತಿಂಗಳ ಹಿಂದೆ ಮೊಣಕಾಲು ನೋವಿಗೆ ಔಷಧಿ ಕೇಳಿಕೊಂಡು ಬಂದ ಒಬ್ಬ ತಾಯಿ, ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದರು: "ಹಕೀಮ್ ಸಾಹೇಬರೇ, ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂದು ಡಾಕ್ಟರುಗಳೇ ಹೇಳುತ್ತಾರಂತೆ, ನಿಜವೇ?" ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಅವನ ಬ್ಯಾಗಿನಲ್ಲಿ ಬಾಟಲಿ ಸಿಕ್ಕಿತ್ತು. ತಂದೆ "ಹರಾಮ್" ಎಂದು ಗದರಿದರು. ಮಗ "ನಾನು ಲಿಮಿಟ್‌ನಲ್ಲಿ ಇದ್ದೇನೆ" ಎಂದ. ಮಾತು ಅಲ್ಲಿಗೇ ನಿಂತಿತು. ಆ ಮೇಲೆ ತಂದೆ ಮಗನ ನಡುವೆ ಮಾತೇ ಇಲ್ಲ.

ಮಗನ ಮಾತಿಗೆ ಆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಿಮ್ಮ ಮನೆಯಲ್ಲೂ ಇಂತಹ ಮಾತು ಬಂದರೆ ಉತ್ತರವಿರಲಿ ಎಂದೇ ಈ ಲೇಖನ. ಇದರ ಕೊನೆಯ ಭಾಗವನ್ನು ದಯವಿಟ್ಟು ಬಿಡದೆ ಓದಿ. ಅದು ಒಂದು ಜೀವ ಉಳಿಸಬಹುದು.

'ಲಿಮಿಟ್' ಲೆಕ್ಕ ಹಾಕುವುದು ಹೇಗೆ?

ಬಿಯರ್, ವೈನ್, ವಿಸ್ಕಿ ಎಂದು ಹೆಸರು ಬೇರೆ ಬೇರೆ. ಆದರೆ ಅವುಗಳೊಳಗೆ ಅಮಲು ತರುವ ವಸ್ತು ಒಂದೇ, ಎಥೆನಾಲ್. ಲೆಕ್ಕ ಹಾಕಬೇಕಾದದ್ದು ಲೋಟಗಳನ್ನಲ್ಲ, ಒಳಗಿರುವ ಎಥೆನಾಲ್ ಎಷ್ಟು ಗ್ರಾಂ ಎಂಬುದನ್ನು. ವಿಶ್ವ ಆರೋಗ್ಯ ಸಂಸ್ಥೆ 10 ಗ್ರಾಂ ಎಥೆನಾಲನ್ನು 'ಒಂದು ಡ್ರಿಂಕ್' ಎಂದು ಎಣಿಸುತ್ತದೆ. ನಮ್ಮ ದೇಶದ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಹಾಗಾಗಿ 30 ಮಿ.ಲೀ.ನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ.

ಬಿಯರ್ ವಿಷಯದಲ್ಲಿ ನಮ್ಮ ಹುಡುಗರು ಹೆಚ್ಚು ಮೋಸ ಹೋಗುತ್ತಾರೆ. "ಅದು ಬರೀ ಬಿಯರ್, ಎಣ್ಣೆಯಲ್ಲ" ಎನ್ನುತ್ತಾರೆ. ಶೇ. 8ರ 'ಸ್ಟ್ರಾಂಗ್' ಬಿಯರಿನ 650 ಮಿ.ಲೀ. ಬಾಟಲಿಯೊಂದರಲ್ಲಿ ಸುಮಾರು 41 ಗ್ರಾಂ ಎಥೆನಾಲ್ ಇರುತ್ತದೆ. ಅಂದರೆ ನಾಲ್ಕು ಸಣ್ಣ ಪೆಗ್ ವಿಸ್ಕಿಗೆ ಸಮ. ಶೇ. 5ರ ಬಿಯರಾದರೂ ಎರಡೂವರೆ ಪೆಗ್ಗಿಗೆ ಸಮ.

ಗೆರೆ ಕೆಳಗಿಳಿಯುತ್ತಲೇ ಇದೆ

ಈಗ ಮಿತಿಯ ವಿಷಯಕ್ಕೆ ಬರೋಣ. ಮದ್ಯ ಧಾರಾಳವಾಗಿ ಮಾರಾಟವಾಗುವ ದೇಶಗಳೇ ಇಂತಹ ಗೆರೆಗಳನ್ನು ಎಳೆದವು. ಬ್ರಿಟನ್ನಿನ ಲೆಕ್ಕದಲ್ಲಿ ಒಂದು 'ಯೂನಿಟ್' ಎಂದರೆ 8 ಗ್ರಾಂ. 1987ರಲ್ಲಿ ಅಲ್ಲಿನ ವೈದ್ಯರು ಗಂಡಸರಿಗೆ ವಾರಕ್ಕೆ 21, ಹೆಂಗಸರಿಗೆ 14 ಯೂನಿಟ್ ಎಂದರು. 2016ರಲ್ಲಿ ಗಂಡಸರ ಲೆಕ್ಕವನ್ನೂ ಇಳಿಸಿ ಇಬ್ಬರಿಗೂ 14 ಎಂದರು. ಕೆನಡಾದಲ್ಲಿ 2011ರಲ್ಲಿ ಗಂಡಸರಿಗೆ ವಾರಕ್ಕೆ 15 ಡ್ರಿಂಕ್ ಎಂದಿದ್ದುದನ್ನು 2023ರಲ್ಲಿ ತಿದ್ದಿ, ಅಪಾಯ ಕಡಿಮೆ ಇರಬೇಕಾದರೆ ವಾರಕ್ಕೆ ಎರಡನ್ನು ಮೀರಬಾರದು ಎಂದು ಪರಿಣತರು ಹೇಳಿದರು. ಅದೇ ವರ್ಷ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಸ್ಪಷ್ಟವಾಗಿ ಪ್ರಕಟಿಸಿತು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಿ. ಬ್ರಿಟನ್ನಿನ 14 ಯೂನಿಟ್ ಎಂಬುದು 'ಇಷ್ಟರವರೆಗೆ ಏನೂ ಆಗುವುದಿಲ್ಲ' ಎಂಬ ಭರವಸೆಯಲ್ಲ. ಜೀವನಪರ್ಯಂತ ಅಷ್ಟು ಕುಡಿಯುವವರಲ್ಲಿ ನೂರಕ್ಕೆ ಸುಮಾರು ಒಬ್ಬರು ಮದ್ಯದ ಕಾರಣದಿಂದಲೇ ಸಾಯಬಹುದು ಎಂಬ ಅಂದಾಜಿನ ಮೇಲೆ ಎಳೆದ ಗೆರೆ ಅದು. ಅಂದರೆ ಅದು ಕಡಿಮೆ ಅಪಾಯದ ಗೆರೆಯೇ ಹೊರತು ಸುರಕ್ಷಿತ ಗೆರೆಯಲ್ಲ.

ಆ ಗೆರೆಯನ್ನೇ ನಮ್ಮ ಊರಿನ ಅಳತೆಗೆ ತಂದು ನೋಡಿ. 14 ಯೂನಿಟ್ ಎಂದರೆ ವಾರಕ್ಕೆ ಎರಡು ಕ್ವಾರ್ಟರ್‌ಗಿಂತಲೂ ಕಡಿಮೆ. ದಿನಕ್ಕೊಂದು ಕ್ವಾರ್ಟರ್ ಮುಗಿಸಿ "ನಾನು ಲಿಮಿಟ್‌ನಲ್ಲಿದ್ದೇನೆ" ಎನ್ನುವವನು, ಆ ದೇಶದ ಲೆಕ್ಕದಲ್ಲೇ ಮಿತಿಯ ಸುಮಾರು ನಾಲ್ಕು ಪಟ್ಟು ಕುಡಿಯುತ್ತಿದ್ದಾನೆ.

ಪೊಲೀಸರು ವಾಹನ ಸವಾರರ ಬಾಯಿಗೆ ಹಿಡಿಯುವ ಯಂತ್ರದ ಮಿತಿಯನ್ನೂ ಕೆಲವರು ಆರೋಗ್ಯದ ಮಿತಿ ಎಂದುಕೊಂಡಿದ್ದಾರೆ. ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಎಂದಿದೆ. ಇಂಗ್ಲೆಂಡಿನಲ್ಲಿ ಅದು 80. ಒಂದೇ ಮೆದುಳಿಗೆ ಒಂದು ದೇಶದಲ್ಲಿ 30, ಇನ್ನೊಂದರಲ್ಲಿ 80 ಸುರಕ್ಷಿತವಾಗಲು ಸಾಧ್ಯವೇ? ಅದು ದಂಡ ಹಾಕಲು ಕಾನೂನು ಆರಿಸಿಕೊಂಡ ಸಂಖ್ಯೆ ಅಷ್ಟೇ.

ಹೃದಯಕ್ಕೆ ಒಳ್ಳೆಯದು ಎಂಬ ಮಾತು ಎಲ್ಲಿಂದ ಬಂತು?

1990ರ ದಶಕದ ಆರಂಭದಲ್ಲಿ ಒಂದು ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಫ್ರಾನ್ಸಿನ ಜನ ಬೆಣ್ಣೆ, ಚೀಸ್ ಚೆನ್ನಾಗಿ ತಿಂದರೂ ಅವರಿಗೆ ಹೃದಯಾಘಾತ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬುದೇ ಆ ಸುದ್ದಿ. ಆ ಮೇಲೆ ನಡೆದ ಹಲವು ಅಧ್ಯಯನಗಳಲ್ಲೂ, ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಆರೋಗ್ಯವಾಗಿದ್ದಾರೆ ಎಂದು ಕಂಡಿತು.

ಆದರೆ ಆ ಲೆಕ್ಕದಲ್ಲಿ ಒಂದು ತಪ್ಪಿತ್ತು. 'ಕುಡಿಯದವರು' ಎಂದು ಎಣಿಸಿದವರಲ್ಲಿ, ವರ್ಷಗಟ್ಟಲೆ ಕುಡಿದು ಕಾಯಿಲೆ ಬಂದ ಮೇಲೆ ಬಿಟ್ಟವರೂ ಸೇರಿದ್ದರು. ಅವರ ರೋಗವೆಲ್ಲ ಕುಡಿಯದವರ ಖಾತೆಗೆ ಬಿತ್ತು. ಇನ್ನು ಆ ದೇಶಗಳಲ್ಲಿ ಹಿತಮಿತವಾಗಿ ಕುಡಿಯುವವರು ಸಾಮಾನ್ಯವಾಗಿ ಹಣವಂತರು, ವಿದ್ಯಾವಂತರು. ಒಳ್ಳೆಯ ಊಟ, ವ್ಯಾಯಾಮ, ಕಾಲಕಾಲಕ್ಕೆ ವೈದ್ಯರ ತಪಾಸಣೆ ಉಳ್ಳವರು. ಇವೆಲ್ಲವನ್ನೂ ತೆಗೆದು ನೋಡಿದಾಗ ಮದ್ಯದ 'ಲಾಭ' ಬಹುಪಾಲು ಕರಗಿಹೋಯಿತು. ಕೆಂಪು ವೈನಿನಲ್ಲಿದೆ ಎನ್ನುವ ರೆಸ್ವೆರಟ್ರಾಲ್ ಎಂಬ ಅಂಶ ದ್ರಾಕ್ಷಿಯ ಸಿಪ್ಪೆಯಲ್ಲೂ ನೆಲಗಡಲೆಯಲ್ಲೂ ಇದೆ. ಅದಕ್ಕಾಗಿ ಬಾಟಲಿ ತೆರೆಯಬೇಕಾಗಿಲ್ಲ.

ಇನ್ನೊಂದು ವಾದವನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಅದು ನಾನು ಕಲಿತ ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ್ದು. ಇಬ್ನ್ ಸೀನಾರ ಗ್ರಂಥದಲ್ಲೂ ದ್ರಾಕ್ಷಾರಸದ ಚರ್ಚೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಇದೆ. ಗ್ರೀಕ್ ವೈದ್ಯರಿಂದ ಬಂದ ಜ್ಞಾನವನ್ನು ದಾಖಲಿಸಿದ ಗ್ರಂಥಗಳಲ್ಲಿ ಅದು ಬಂದಿದೆ. ವೈದ್ಯನೊಬ್ಬ ಒಂದು ವಸ್ತುವಿನ ಗುಣ ಬರೆದಿಟ್ಟ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಸಾವಿರ ವರ್ಷದ ಹಿಂದೆ ಯಕೃತ್ತಿನ ರಕ್ತಪರೀಕ್ಷೆಯೂ ಇರಲಿಲ್ಲ, ಸ್ಕ್ಯಾನಿಂಗೂ ಇರಲಿಲ್ಲ. ಇಂದು ಅವು ಇವೆ.

ದೇಹದೊಳಗೆ ನಡೆಯುವುದೇನು?

ಕುಡಿದ ಮದ್ಯವನ್ನು ಒಡೆಯುವ ಕೆಲಸ ಹೆಚ್ಚಾಗಿ ಯಕೃತ್ತಿನದು, ನಾವು ಜಿಗರ್ ಎನ್ನುವ ಅಂಗದ್ದು. ಗಂಟೆಗೆ ಸುಮಾರು ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ಅದು ಒಡೆಯಬಲ್ಲದು. ಮಜ್ಜಿಗೆ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ ಆ ವೇಗ ಹೆಚ್ಚುವುದಿಲ್ಲ. ಒಡೆಯುವಾಗ ಮೊದಲು ಹುಟ್ಟುವುದು ಅಸಿಟಾಲ್ಡಿಹೈಡ್ ಎಂಬ ವಿಷ. ಅದು ಜೀವಕೋಶಗಳ ಒಳಗಿನ ಡಿಎನ್‌ಎಗೆ ಹಾನಿ ಮಾಡುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡ ಕರುಳು ಮತ್ತು ಹೆಂಗಸರ ಸ್ತನದ ಕ್ಯಾನ್ಸರುಗಳಿಗೆ ಮದ್ಯದ ನಂಟಿದೆ. ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಅಲ್ಪ ಪ್ರಮಾಣದಿಂದಲೇ ಅಪಾಯ ಏರುತ್ತದೆ. ಕುಡಿತದ ಜೊತೆ ಗುಟ್ಕಾ, ಬೀಡಿ, ಸಿಗರೇಟು ಸೇರಿದರೆ ಬಾಯಿ ಮತ್ತು ಗಂಟಲಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಯಕೃತ್ತಿಗೆ ನೋವು ಹೇಳಿಕೊಳ್ಳಲು ಬರುವುದಿಲ್ಲ. ಮೊದಲು ಕೊಬ್ಬು ತುಂಬುತ್ತದೆ, ಮತ್ತೆ ಉರಿಯೂತ, ಕೊನೆಗೆ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿ ಕಣ್ಣು ಹಳದಿಯಾದಾಗಲೇ ಹಲವರಿಗೆ ಗೊತ್ತಾಗುವುದು. ಕೊಬ್ಬು ತುಂಬುವ ಹಂತದಲ್ಲಿ ಪೂರ್ತಿ ಬಿಟ್ಟರೆ ಅಲ್ಲಾಹನ ಅನುಗ್ರಹದಿಂದ ಯಕೃತ್ತು ಮತ್ತೆ ಚೇತರಿಸಿಕೊಳ್ಳುತ್ತದೆ. ಹಾಗಾಗಿ 'ಈಗ ಬಿಟ್ಟು ಏನು ಪ್ರಯೋಜನ' ಎಂಬ ನಿರಾಶೆ ಬೇಡ.

ಕೆಲವರಿಗಂತೂ ಯಾವ ದೇಶದ ವೈದ್ಯರೂ ಒಂದು ಹನಿಯ ರಿಯಾಯಿತಿಯನ್ನೂ ಕೊಡುವುದಿಲ್ಲ. ಗರ್ಭಿಣಿಯರು, ಹೆಪಟೈಟಿಸ್ ಬಿ ಅಥವಾ ಸಿ ಇರುವವರು, ಯಕೃತ್ತಿನ ರೋಗಿಗಳು, ವಾಹನ ಓಡಿಸುವವರು, ಹದಿಹರೆಯದವರು ಈ ಸಾಲಿಗೆ ಸೇರುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಕುಡಿದರೆ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ನಿದ್ರೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟವೇ ನಿಲ್ಲಬಹುದು. ದಿನವೂ ಕುಡಿಯುವವರು ತಲೆನೋವಿಗೆ ಪ್ಯಾರಸಿಟಮಾಲ್ ಹೆಚ್ಚು ನುಂಗಿದರೆ ಯಕೃತ್ತಿಗೆ ದುಪ್ಪಟ್ಟು ಪೆಟ್ಟು.

ನಮ್ಮ ಗೆರೆ ಎಲ್ಲಿದೆ?

ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 219ನೇ ವಚನ ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿರುವುದನ್ನು ನಿರಾಕರಿಸುವುದಿಲ್ಲ. ಆದರೆ ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದು ಎಂದು ತಿಳಿಸುತ್ತದೆ. ಬಳಿಕ ಅಲ್ ಮಾಇದಃ ಅಧ್ಯಾಯದ 90ನೇ ವಚನದಲ್ಲಿ ಸಂಪೂರ್ಣ ನಿಷೇಧ ಬಂತು. ಹೆಚ್ಚು ಕುಡಿದರೆ ಅಮಲು ತರುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧವೆಂದು ಪ್ರವಾದಿ(ಸ) ಕಲಿಸಿದರು. ಅಂದರೆ ನಮ್ಮ ಗೆರೆ ಮೊದಲ ಗುಟುಕಿಗಿಂತ ಮುಂಚೆಯೇ ಇದೆ.

'ವಿಜ್ಞಾನ ಈಗ ಒಪ್ಪಿತು ನೋಡಿ' ಎಂದು ಸಂಭ್ರಮಿಸಲು ನಾನು ಇದನ್ನು ಬರೆಯುತ್ತಿಲ್ಲ. ನಾಳೆ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳಿದರೂ ನಮ್ಮ ನಿಯಮ ಬದಲಾಗದು. ಆದರೆ ನಿಮ್ಮ ಮಗ 'ಲಿಮಿಟ್' ಎಂಬ ಭಾಷೆಯಲ್ಲಿ ಮಾತನಾಡುತ್ತಿದ್ದರೆ, ಅದೇ ಭಾಷೆಯಲ್ಲಿ ಅವನ ಜೊತೆ ಕುಳಿತು ಲೆಕ್ಕ ಹಾಕಿ. ಗದರಿದರೆ ಅವನು ಬಾಟಲಿ ಅಡಗಿಸುವುದನ್ನು ಕಲಿಯುತ್ತಾನೆ. ಕುಳಿತು ಮಾತಾಡಿದರೆ ನಿಮ್ಮ ಮಾತು ಅವನ ಜೊತೆ ಬೆಂಗಳೂರಿಗೂ ಹೋಗುತ್ತದೆ.

ದಯವಿಟ್ಟು ಇದನ್ನು ಬಿಡದೆ ಓದಿ

ಈವರೆಗೆ ಹೇಳಿದ್ದು ಕುಡಿತ ಇನ್ನೂ ದೇಹವನ್ನು ಕಟ್ಟಿಹಾಕದವರ ಬಗ್ಗೆ. ವರ್ಷಗಟ್ಟಲೆ ದಿನವೂ ಕುಡಿಯುತ್ತಿರುವವರಿಗೆ ಇನ್ನೊಂದು ಅಪಾಯವಿದೆ. ಅದು ಕುಡಿಯುವಾಗ ಬರುವುದಿಲ್ಲ, ದಿಢೀರನೆ ನಿಲ್ಲಿಸಿದಾಗ ಬರುತ್ತದೆ. ನಮ್ಮ ಸಮುದಾಯದಲ್ಲಿ ಅದು ಎದುರಾಗುವ ಹೊತ್ತು ರಮಝಾನ್.

ಕೆಲವು ವರ್ಷಗಳ ಹಿಂದೆ ಮೂರನೆಯ ಉಪವಾಸದ ಸಂಜೆ, ನಲವತ್ತರ ಆಸುಪಾಸಿನ ಒಬ್ಬರನ್ನು ಮನೆಯವರು ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ತಂದರು. ಮೈಯೆಲ್ಲ ಬೆವರು, ಕೈ ನಡುಕ, ಜ್ವರ. ಅಂಗಿಯ ಮೇಲೆ ಇರುವೆ ಹರಿಯುತ್ತಿದೆ ಎಂದು ಕೊಡವುತ್ತಿದ್ದರು. ಅಲ್ಲಿ ಇರುವೆ ಇರಲಿಲ್ಲ. ಜಿನ್ನ್ ಹಿಡಿದಿದೆ ಎಂದು ಮನೆಯಲ್ಲಿ ಒಂದು ಹಗಲು ಕಳೆದಿತ್ತು. "ಇವರು ಕುಡಿಯುತ್ತಾರೆಯೇ?" ಎಂದು ಕೇಳಿದೆ. ಅಣ್ಣಂದಿರು ನನ್ನನ್ನು ದುರುಗುಟ್ಟಿ ನೋಡಿದರು. ಹಿಂದೆ ನಿಂತಿದ್ದ ಹೆಂಡತಿ ತಲೆ ತಗ್ಗಿಸಿ ಹೇಳಿದರು: "ಚಂದ್ರದರ್ಶನದ ದಿನ ಬಿಟ್ಟರು. ಅದಕ್ಕೆ ಮೊದಲು ದಿನಾ ರಾತ್ರಿ." ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಹಮ್ದುಲಿಲ್ಲಾಹ್, ಬದುಕಿದರು. ಆ ವ್ಯಕ್ತಿ ಅಲ್ಲಾಹನ ಭಯದಿಂದ ಒಳ್ಳೆಯದನ್ನೇ ಮಾಡಲು ಹೊರಟಿದ್ದರು. ಹೇಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಎಷ್ಟೋ ವರ್ಷ ನಾನು ನಮ್ಮವರಲ್ಲಿ ಯಾರಿಗೂ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಅವಮಾನವಾದೀತು ಎಂಬ ಸಂಕೋಚ. ಈಗ ಕೈ ನಡುಕ, ನಿದ್ರೆಯಿಲ್ಲದಿರುವುದು, ಹೊಟ್ಟೆಯುರಿ ಎಂದು ಬಂದವರೆಲ್ಲರನ್ನೂ, ಗಡ್ಡ ಟೋಪಿ ನೋಡದೆ, ಒಬ್ಬರೇ ಇದ್ದಾಗ ಕೇಳುತ್ತೇನೆ.

ಹೀಗೇಕಾಗುತ್ತದೆ? ಮದ್ಯ ಮೆದುಳನ್ನು ಮಂಕಾಗಿಸುತ್ತದೆ, ಬ್ರೇಕ್ ಒತ್ತಿ ಹಿಡಿದ ಹಾಗೆ. ದಿನವೂ ಬ್ರೇಕ್ ಬೀಳುತ್ತಿದ್ದರೆ, ನಡೆಯಬೇಕಲ್ಲ ಎಂದು ಮೆದುಳು ಎಕ್ಸಲರೇಟರನ್ನು ಹೆಚ್ಚು ಹೆಚ್ಚು ಒತ್ತಲು ಕಲಿಯುತ್ತದೆ. ಒಂದು ದಿನ ಬ್ರೇಕ್ ಒಮ್ಮೆಲೇ ಬಿಟ್ಟರೆ ಗಾಡಿ ಹತೋಟಿ ತಪ್ಪಿ ನುಗ್ಗುತ್ತದೆ. ಕೊನೆಯ ಕುಡಿತದ ಬಳಿಕ 6ರಿಂದ 12 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತದೆ. ಮೊದಲ ಎರಡು ದಿನಗಳ ಒಳಗೆ ಅಪಸ್ಮಾರದಂತಹ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣುವುದು ಆರಂಭವಾಗುತ್ತದೆ. ಈ ಕೊನೆಯ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೊರಡುವ ತಂದೆಯರು ಇದನ್ನು ತಿಳಿದಿರಬೇಕು.

ಹಾಗಾದರೆ ಕುಡಿಯುತ್ತಲೇ ಇರಲಿ ಎಂದಲ್ಲ. ಬಿಡಲೇಬೇಕು. ಆದರೆ ಒಬ್ಬಂಟಿಯಾಗಿ, ಗುಟ್ಟಾಗಿ, ಕೋಣೆಯೊಳಗೆ ಅಲ್ಲ.

ಮನೆಯವರು ಏನು ಮಾಡಬೇಕು?

ಮೊದಲು ದೇಹ ಎಷ್ಟು ಸಿಕ್ಕಿಬಿದ್ದಿದೆ ಎಂದು ತಿಳಿಯಿರಿ. ವೈದ್ಯರು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕೆಂದು ನಿಮಗೇ ಅನಿಸಿದೆಯೇ? ಯಾರಾದರೂ ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ? ಕುಡಿದುದಕ್ಕೆ ಪಶ್ಚಾತ್ತಾಪವಾಗಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿದದ್ದಿದೆಯೇ? ಎರಡಕ್ಕೆ ಹೌದು ಎಂದರೂ ವೈದ್ಯರನ್ನು ಕಾಣಬೇಕು. ನಮ್ಮವರು ಒಂದೇ ಗುಟುಕು ಕುಡಿದಿದ್ದರೂ ಮೂರನೆಯದಕ್ಕೆ ಹೌದು ಎನ್ನುತ್ತಾರೆ. ಹಾಗಾಗಿ ನಾನು ನಾಲ್ಕನೆಯದಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಅದಕ್ಕೆ ಹೌದು ಎಂದರೆ ಮನೆಯಲ್ಲಿ ಬಿಡಿಸುವ ಪ್ರಯತ್ನ ಬೇಡವೇ ಬೇಡ.

ಇಂತಹವರು ಬಿಡುವ ಕೆಲಸವನ್ನು ರಮಝಾನಿನ ಚಂದ್ರನಿಗಾಗಿ ಕಾಯದೆ ಇಂದೇ ಶುರುಮಾಡಬೇಕು. ರಮಝಾನ್ ಹತ್ತಿರವಿದ್ದರೆ ಶಅಬಾನಿನಲ್ಲಾದರೂ ಆಗಲಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ನಡುಕ, ಫಿಟ್ಸ್ ಬರದಂತೆ ಕೆಲವು ದಿನ ಮಾತ್ರೆ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ಕುಡಿಯುವವರಲ್ಲಿ ಅದು ಬರಿದಾಗಿರುತ್ತದೆ, ಅದರ ಕೊರತೆಯಿಂದ ನೆನಪಿನ ಶಕ್ತಿಯೇ ಹಾಳಾಗಬಹುದು. ಆದ್ದರಿಂದ 'ಸುಸ್ತಿಗೆ ಒಂದು ಗ್ಲೂಕೋಸ್ ಬಾಟಲಿ ಹಾಕಿಸೋಣ' ಎಂದು ಎಲ್ಲೋ ಹೋಗಬೇಡಿ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಅಂತಹವರ ಮೆದುಳಿಗೆ ಹಾನಿಯಾಗುವ ಅಪಾಯವಿದೆ. ಕುಡಿಯುವ ವಿಷಯವನ್ನು ವೈದ್ಯರಿಂದ ಮುಚ್ಚಿಡಲೇಬೇಡಿ.

ಯೂನಾನಿ ವೈದ್ಯನಾಗಿ ಒಂದು ಮಾತು. ಈ ಮೊದಲ ವಾರದ ಅಪಾಯಕ್ಕೆ ನಮ್ಮ ಖಮೀರಾ, ಶರಬತ್ತುಗಳು ಮದ್ದಲ್ಲ. ಊಟದಲ್ಲಿ ಬೆರೆಸಿ ಗುಟ್ಟಾಗಿ ಕುಡಿತ ಬಿಡಿಸುವ ಪುಡಿ ಎಂದು ಮಾರುವವರನ್ನು ನಂಬಲೇಬೇಡಿ. ಅದರಲ್ಲಿ ಏನಿದೆಯೆಂದು ತಿನ್ನುವವನಿಗೂ ಗೊತ್ತಿಲ್ಲ, ತಿನ್ನಿಸುವವರಿಗೂ ಗೊತ್ತಿಲ್ಲ.

ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕದೆ 108ಕ್ಕೆ ಕರೆ ಮಾಡಿ. ಸಲಹೆ ಬೇಕಿದ್ದರೆ ಸರಕಾರದ ಉಚಿತ ಸಹಾಯವಾಣಿಗಳಿವೆ. ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಚಿಕಿತ್ಸೆಯ ದಿನಗಳಲ್ಲಿ ಉಪವಾಸದ ವಿಷಯವನ್ನು ನಂಬಿಕಸ್ಥ ಉಲಮಾಗಳಲ್ಲಿ ಕೇಳಿ. ರೋಗಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ದುಆ ಮಾಡಿ, ಓದಿ ಊದಿ, ಅದಕ್ಕೆ ಯಾವ ವೈದ್ಯನೂ ಅಡ್ಡಿ ಬರುವುದಿಲ್ಲ. ಆದರೆ ಅದನ್ನು ಆಂಬುಲೆನ್ಸ್‌ನಲ್ಲಿ ಹೋಗುತ್ತಾ ಮಾಡಿ. ತೌಬಾ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧಿಗಳಲ್ಲ. ತೌಬಾ ಮಾಡಿದವನು ಅದರ ಮೇಲೆ ನಿಲ್ಲಲು ಚಿಕಿತ್ಸೆ ಆಸರೆ. ಒಮ್ಮೆ ಬಿಟ್ಟು ಮತ್ತೆ ಜಾರಿದರೆ ಮನೆಯಿಂದ ಹೊರದೂಡಬೇಡಿ. ಈ ಕಾಯಿಲೆಯಲ್ಲಿ ಜಾರುವುದು ಸಾಮಾನ್ಯ, ಮತ್ತೆ ಎದ್ದು ನಿಂತವರೂ ಬಹಳ ಮಂದಿ ಇದ್ದಾರೆ.

ನೆನಪಿಡಿ

• 'ಲಿಮಿಟ್' ಎಂದರೆ ಕಡಿಮೆ ಅಪಾಯ, ಅಪಾಯವೇ ಇಲ್ಲ ಎಂದಲ್ಲ.
• ಒಂದು ಸ್ಟ್ರಾಂಗ್ ಬಿಯರ್ ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಸಮ.
• ಹೃದಯಕ್ಕೆ ಒಳ್ಳೆಯದೆಂದು ಕುಡಿಯಲು ಆರಂಭಿಸಿ ಎಂದು ವೈದ್ಯವಿಜ್ಞಾನ ಹೇಳುವುದಿಲ್ಲ.
• ದಿನವೂ ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ದಿಢೀರನೆ ನಿಲ್ಲಿಸಬಾರದು.
• ನಡುಕ, ಗೊಂದಲ, ಫಿಟ್ಸ್ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಬಾಗಿಲ ಬಳಿ ನಿಂತು ಕೇಳಿದ ಆ ತಾಯಿಗೆ ನಾನು ಇಷ್ಟನ್ನೆಲ್ಲ ಹೇಳಲಾಗಲಿಲ್ಲ. "ಮಗನಿಗೆ ನೀವೇ ಫೋನ್ ಮಾಡಿ, ಮೊದಲು ಊಟವಾಯಿತೇ ಎಂದು ಕೇಳಿ, ಉಳಿದದ್ದು ಆ ಮೇಲೆ" ಎಂದೆ. ಈ ಸಂಚಿಕೆಯನ್ನು ಅವರಿಗೂ ಕಳುಹಿಸುತ್ತಿದ್ದೇನೆ. ನಿಮ್ಮ ಪರಿಚಯದಲ್ಲಿ ಅಂತಹ ತಾಯಿ ಇದ್ದರೆ ನೀವೂ ತಲುಪಿಸಿ. ಅಲ್ಲಾಹನು ನಮ್ಮ ಮಕ್ಕಳನ್ನೂ ಮನೆಗಳನ್ನೂ ಕಾಪಾಡಲಿ, ಆಮೀನ್.